ಕರಡಿಗಳಿಗೊಂದು ಸೆರೆಮನೆ

ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದಲ್ಲಿ ಚರ್ಚಿಲ್ ಎಂಬುದೊಂದು ಪುಟ್ಟ ಊರು. ಅಲ್ಲಿಯ ಜನ ಮನೆಯ ಮುಂದೆ ನಿಲ್ಲಿಸಿದ ಮೋಟಾರುಗಳಿಗೆ ಸಾಮಾನ್ಯವಾಗಿ ಬೀಗ ಹಾಕುವುದಿಲ್ಲ. ಕಳ್ಳರ ಮೇಲಿನ ವಿಶ್ವಾಸದಿಂದಲ್ಲ. ಬೀದಿಯ ತಿರುವಿನಲ್ಲಿ ಹಿಮಕರಡಿ ಎದುರಾದವರು ಕೈಗೆ ಸಿಕ್ಕ ಬಾಗಿಲನ್ನು ತೆರೆದು ಒಳಹೊಕ್ಕು ಜೀವ ಉಳಿಸಿಕೊಳ್ಳಲಿ ಎಂದು!

2021ರ ಜನಗಣತಿಯಂತೆ ಊರಿನ ಜನಸಂಖ್ಯೆ 870. ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ, ಚರ್ಚಿಲ್ ನದಿಯು ಕಡಲನ್ನು ಸೇರುವೆಡೆ ಅದು ನೆಲೆಗೊಂಡಿದೆ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ವಿಮಾನವೇರಬೇಕು, ಇಲ್ಲವೇ ವಿನಿಪೆಗ್ ನಗರದಿಂದ ರೈಲು ಹಿಡಿಯಬೇಕು. ಸುಮಾರು 1,700 ಕಿಲೋಮೀಟರಿನ ಆ ಹಾದಿಗೆ ಎರಡು ದಿನ ಹಿಡಿಯುತ್ತದೆ. ಜೌಗು ನೆಲದ ಮೇಲೂ, ಎಂದೂ ಕರಗದ ಹೆಪ್ಪುನೆಲದ ಮೇಲೂ ಹಾಸಿದ ಕಂಬಿಗಳಾದುದರಿಂದ ಗಾಡಿ ನಿಧಾನವಾಗಿಯೇ ಸಾಗಬೇಕು. 2017ರ ಮಹಾಪೂರದಲ್ಲಿ ಈ ಹಳಿ ಹಲವೆಡೆ ಕೊಚ್ಚಿಹೋಗಿ, 2018ರ ಕೊನೆಯವರೆಗೆ ಊರಿಗೆ ರೈಲೇ ಇರಲಿಲ್ಲ. ಹಾಲು, ತರಕಾರಿಗಳೂ ವಿಮಾನದಲ್ಲಿ ಬರಬೇಕಾದಾಗ ಗೃಹಿಣಿಯರ ಪಾಡೇನಾಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಇಷ್ಟು ದುರ್ಗಮವಾದ ಎಡೆಗೆ ದೇಶದೇಶಗಳ ಪ್ರವಾಸಿಗಳು ಹಣ ಸುರಿದು ಬರುವುದೇಕೆ? ಬೇಸಗೆಯಲ್ಲಿ ನದೀಮುಖಕ್ಕೆ ಸಾವಿರಾರು ಬಿಳಿಯ ಬೆಲೂಗ ತಿಮಿಂಗಿಲಗಳು ಬರುವುದುಂಟು. ಚಳಿಗಾಲದ ಇರುಳಿನಲ್ಲಿ ಆಗಸದ ಹಸುರು ಧ್ರುವಪ್ರಭೆಯೂ ಉಂಟು. ಆದರೆ ಊರಿಗೆ ಹೆಸರು ತಂದುದು ಹಿಮಕರಡಿಯೇ.

ಈ ಪ್ರಾಣಿಯ ಬಾಳೆಲ್ಲ ಮಂಜುಗಡ್ಡೆಯನ್ನು ನೆಚ್ಚಿದೆ. ಗಡ್ಡೆಯ ಮೇಲೆ ನಿಂತು ಸೀಲ್‌ಗಳನ್ನು ಹಿಡಿಯುವುದು ಅದರ ಕಸುಬು. ಬೇಸಗೆಯಲ್ಲಿ ಕೊಲ್ಲಿಯ ಗಡ್ಡೆ ಕರಗಿತೆಂದರೆ ದಡಕ್ಕೆ ಬಂದು, ತಿಂಗಳುಗಟ್ಟಲೆ ಬಹುಮಟ್ಟಿಗೆ ಉಪವಾಸವಿರಬೇಕು. ನದಿಯ ಸಿಹಿನೀರು ಬೆರೆಯುವ ಚರ್ಚಿಲ್ಲಿನ ಕರೆಯಲ್ಲಿ ಕಡಲು ಬೇಗನೆ ಹೆಪ್ಪುಗಟ್ಟುವುದರಿಂದ, ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಹಸಿದ ಕರಡಿಗಳು ಅಲ್ಲಿಗೇ ಬಂದು ಕಾದಿರುತ್ತವೆ. ಆಳೆತ್ತರದ ಚಕ್ರಗಳುಳ್ಳ ಭಾರಿ ಬಂಡಿಗಳಲ್ಲಿ ಕುಳಿತು ಪ್ರವಾಸಿಗಳು ಅವನ್ನು ಹತ್ತಿರದಿಂದಲೇ ನೋಡುತ್ತಾರೆ. ಹೆಣ್ಣುಕರಡಿ ಹಿಂಗಾಲ ಮೇಲೆ ನಿಂತು ಬಂಡಿಯ ಕಿಟಕಿಯನ್ನು ಮೂಸುವುದೂ ಉಂಟು. ಯಾರು ಯಾರ ಪ್ರದರ್ಶನವನ್ನು ನೋಡುತ್ತಿರುವರೋ!

ಊರಿನವರಿಗೆ ಇದು ಬರಿಯ ವಿನೋದವಲ್ಲ. 1983ರಲ್ಲಿ, ಬೆಂಕಿಗೆ ಆಹುತಿಯಾದ ಹೋಟೆಲೊಂದರಲ್ಲಿ ಉಳಿದಿದ್ದ ಮಾಂಸವನ್ನು ಜೇಬಿಗೆ ತುಂಬಿಕೊಂಡು ಹೊರಬಂದ ಮನುಷ್ಯನೊಬ್ಬನನ್ನು ಕರಡಿ ನಡುಬೀದಿಯಲ್ಲೇ ಕೊಂದಿತು. ಅಕ್ಟೋಬರ್ 31ರ ಇರುಳು ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಬೇಡಲು ಹೊರಡುವಾಗ, ಬಂದೂಕು ಹಿಡಿದ ಕಾವಲುಗಾರರು ಊರ ಸುತ್ತ ಗಸ್ತು ತಿರುಗುತ್ತಾರೆ. ಬಿಳಿಯ ವೇಷ ಮಾತ್ರ ಬೇಡವೆಂದು ಮಕ್ಕಳಿಗೆ ತಾಕೀತು.

ಊರೊಳಕ್ಕೆ ನುಗ್ಗುವ ಕರಡಿಯನ್ನು ಮೊದಲು ಸದ್ದುಮಾಡಿ ಓಡಿಸುತ್ತಾರೆ. ಜಗ್ಗದಿದ್ದರೆ ಬೋನಿಗೆ ಕೆಡವಿಯೋ ಮಂಪರಿನ ಮದ್ದು ಕೊಟ್ಟೋ ಹಿಡಿದು ಸೆರೆಮನೆಗೆ ಸಾಗಿಸುತ್ತಾರೆ. ಹಿಂದೆ ಸೈನ್ಯಕ್ಕೆ ಸೇರಿದ್ದ ಕಟ್ಟಡವದು; 28 ಕೋಣೆಗಳಿವೆ. ಕೈದಿಗೆ ನೀರುಂಟು, ಊಟವಿಲ್ಲ. ನಿರ್ದಯವೆಂದು ತೋರಬಹುದು, ಆದರೆ ಮನುಷ್ಯನ ಬಳಿ ಆಹಾರವುಂಟೆಂಬ ರುಚಿ ಒಮ್ಮೆ ಹತ್ತಿತೆಂದರೆ ಕರಡಿ ಮತ್ತೆ ಬಾರದಿರದು, ಕೊನೆಗೆ ಗುಂಡಿಗೆ ಬಲಿಯಾಗದಿರದು. ಹಿಂದೆ ಊರ ಕಸದ ಗುಂಡಿಯೇ ಕರಡಿಗಳ ಅನ್ನಛತ್ರವಾಗಿತ್ತು. 2005ರಲ್ಲಿ ಅದನ್ನು ಮುಚ್ಚಿದರು.

ಈಗ ಚಿಂತೆ ಬೇರೊಂದು. 1980ರ ದಶಕದಲ್ಲಿ ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ ಸುಮಾರು 1,200 ಹಿಮಕರಡಿಗಳಿದ್ದವು. 2016ರ ಅಂದಾಜಿನಲ್ಲಿ 842, 2021ರಲ್ಲಿ 618. ಭೂಮಿ ಬಿಸಿಯೇರಿದಂತೆ ಗಡ್ಡೆ ಬೇಗ ಕರಗಿ ತಡವಾಗಿ ಕಟ್ಟುತ್ತಿದೆ. ಉಪವಾಸ ಹಲವು ವಾರ ಬೆಳೆದಿದೆ. ಬಡಕಲು ತಾಯಂದಿರ ಮರಿಗಳು ಉಳಿಯುವುದು ಕಷ್ಟವಾಗಿದೆ. ಕರಡಿಗೆ ಹೆದರಿ ಬೀಗ ಹಾಕದ ಜನವೇ, ನಾಳೆ ಕರಡಿ ಬಾರದಿದ್ದರೆ ತಮ್ಮ ಜೀವನೋಪಾಯವೇನೆಂದು ಯೋಚಿಸಬೇಕಾಗಿದೆ.

ಕೊಲ್ಲಿ ಹೆಪ್ಪುಗಟ್ಟಿದೊಡನೆ ಸೆರೆಮನೆಯ ಬಾಗಿಲು ತೆರೆಯುತ್ತದೆ. ಅದಕ್ಕೂ ಮುಂಚೆ ಅವಧಿ ಮುಗಿಸಿದ ಕೈದಿಗಳನ್ನು ಮಂಪರಿನಲ್ಲಿರುವಂತೆಯೇ ಬಲೆಯಲ್ಲಿ ಮಲಗಿಸಿ, ಹೆಲಿಕಾಪ್ಟರಿಗೆ ತೂಗುಹಾಕಿ, ಊರಿನಿಂದ ಬಹುದೂರ ಬಡಗಲಿಗೆ ಒಯ್ದು ಇಳಿಸುತ್ತಾರೆ.