ಮೌಸರ್: ಬಂದೂಕಿನಿಂದ ಪೊಲೀಸ್ ಕುರ್ಚಿಗೆ

ಬೋಸ್ನಿಯಾ ಅಂದ ಕೂಡಲೇ ನಮಗೆ ನೆನಪಾಗುವುದು 1995ರ ಸ್ರೆಬ್ರೆನಿಕಾ. ಆದರೆ ಅದಕ್ಕೂ ಮೂರು ವರ್ಷ ಮೊದಲು ಬಿಯೆಲಿನಾ ಎಂಬ ಊರಿತ್ತು. ಆ ಮುನಿಸಿಪಾಲಿಟಿಯಲ್ಲಿ ಹತ್ತರಲ್ಲಿ ಮೂವರು ಮುಸ್ಲಿಮರು.

1992ರ ಏಪ್ರಿಲ್ ಆರಂಭ, ರಂಜಾನಿನ ಕೊನೆಯ ದಿನಗಳು. ಸರ್ಬಿಯಾದಿಂದ ಅರ್ಕಾನ್‌ನ ಪಡೆ ಊರಿಗೆ ನುಗ್ಗಿತು. ಫುಟ್‌ಪಾತ್ ಮೇಲೆ ಬಿದ್ದ ಹೆಂಗಸನ್ನು ಬಂದೂಕುಧಾರಿಯೊಬ್ಬ ಒದೆಯುತ್ತಿರುವ ಫೋಟೋ ನೀವು ನೋಡಿರಬಹುದು. ರಾನ್ ಹವೀವ್ ಅದನ್ನು ತೆಗೆದದ್ದು ಇಲ್ಲೇ. ಆಮೇಲೆ ಬೀದಿಗಳಿಂದ ಎತ್ತಿದ ಹೆಣಗಳು ಕನಿಷ್ಠ 48; ಬಹುಪಾಲು ಸರ್ಬರಲ್ಲದವರದು, ಯಾರ ಮೈಮೇಲೂ ಸೈನಿಕ ಸಮವಸ್ತ್ರ ಇರಲಿಲ್ಲ. ಇದು ಹೇಗ್ ನ್ಯಾಯಮಂಡಳಿಯ ತೀರ್ಪಿನಲ್ಲೇ ಇದೆ.

ಅರ್ಕಾನ್ ಹೊರಗಿನವನು, ಬಂದ, ಹೋದ. ಊರಲ್ಲೇ ಉಳಿದವನು ಲ್ಯೂಬಿಶಾ ಸಾವಿಚ್. ಜನ ಕರೆಯುತ್ತಿದ್ದದ್ದು 'ಮೌಸರ್' ಅಂತ, ಜರ್ಮನ್ ಬಂದೂಕಿನ ಹೆಸರು. ಸರ್ಬ್ ಪಕ್ಷ ಎಸ್‌ಡಿಎಸ್‌ನ ಸ್ಥಳೀಯ ಮುಖಂಡ, ಜೊತೆಗೆ ಸಶಸ್ತ್ರ ಪಡೆಯೊಂದರ ನಾಯಕ. ಮುಂದೆ ಆ ಪಡೆ 'ಪ್ಯಾಂಥರ್ಸ್' ಹೆಸರಲ್ಲಿ ಬೋಸ್ನಿಯನ್ ಸರ್ಬ್ ಸೇನೆಗೇ ಸೇರಿತು. 1993ರಲ್ಲಿ ಊರಿನ ಮಸೀದಿಗಳನ್ನು ಕೆಡವಿದರು. ಸಾವಿರಾರು ಮುಸ್ಲಿಮರು ಮನೆ ಬಿಟ್ಟು ಹೋಗಬೇಕಾಯಿತು.

ಈಗ ಯುದ್ಧಾನಂತರಕ್ಕೆ ಬನ್ನಿ, ನಾನು ಹೇಳಬೇಕೆಂದಿದ್ದದ್ದು ಅದನ್ನೇ. 1995ರ ಡೇಟನ್ ಒಪ್ಪಂದ ನಿರಾಶ್ರಿತರಿಗೆ ತಮ್ಮ ಮನೆಗೆ ಮರಳುವ ಹಕ್ಕು ಕೊಟ್ಟಿತು. ಹಕ್ಕೇನೋ ಕಾಗದದಲ್ಲಿತ್ತು, ಕಾಪಾಡಬೇಕಾದವರು ಪೊಲೀಸರು. 1997ರಲ್ಲಿ ಸರ್ಬ್ ನಾಯಕರಲ್ಲೇ ಒಡಕು ಬಂತು: ಒಂದು ಕಡೆ ಕರಾಜಿಚ್ ಬಳಗ, ಇನ್ನೊಂದು ಕಡೆ ಪಾಶ್ಚಾತ್ಯರ ಬೆಂಬಲವಿದ್ದ ಬಿಲ್ಯಾನಾ ಪ್ಲಾವ್‌ಷಿಚ್. ಇದೇ ಪ್ಲಾವ್‌ಷಿಚ್ 1992ರಲ್ಲಿ ಬಿಯೆಲಿನಾಕ್ಕೆ ಬಂದು ಅರ್ಕಾನ್‌ಗೆ ಮುತ್ತಿಟ್ಟಿದ್ದಳು! ಸಾವಿಚ್ ಆಕೆಯ ಪಕ್ಷ ವಹಿಸಿದ. ಸಮವಸ್ತ್ರದ ಪೊಲೀಸ್ ವಿಭಾಗದ ಮುಖ್ಯಸ್ಥನಾದ, ತನ್ನದೇ ಒಂದು ಡೆಮಾಕ್ರಟಿಕ್ ಪಕ್ಷವನ್ನೂ ಕಟ್ಟಿದ.

ನೀವೇ ಯೋಚಿಸಿ. ನಿಮ್ಮ ಅಣ್ಣನನ್ನು ಯಾರು ಕೊಂದರು ಅಂತ ದೂರು ಕೊಡಲು ಠಾಣೆಗೆ ಹೋಗುತ್ತೀರಿ. ಆ ಠಾಣೆಯ ಮೇಲಧಿಕಾರಿ ಅಂದಿನ ಪಡೆಯ ಕಮಾಂಡರ್. ಬಾಯಿ ಬರುತ್ತದೆಯೇ? ಊರಿಗೆ ವಾಪಸ್ ಹೋಗಲು ಜನ ಹಿಂಜರಿದರೆ ತಪ್ಪು ಅವರದಾ? ವಿಶ್ವಸಂಸ್ಥೆ ಬೋಸ್ನಿಯಾದ ಪೊಲೀಸರ ಯುದ್ಧಕಾಲದ ಹಿನ್ನೆಲೆಯನ್ನು ಒಬ್ಬೊಬ್ಬರದಾಗಿ ಜಾಲಾಡಬೇಕಾಯಿತು, ಆ ಕೆಲಸ 2002ರವರೆಗೂ ನಡೆಯಿತು.

ಪ್ಲಾವ್‌ಷಿಚ್ ತಪ್ಪೊಪ್ಪಿಕೊಂಡಳು, 2003ರಲ್ಲಿ 11 ವರ್ಷ ಶಿಕ್ಷೆಯಾಯಿತು. ಸಾವಿಚ್‌ನನ್ನು 2000ದ ಜೂನ್‌ನಲ್ಲಿ ಬಿಯೆಲಿನಾದಲ್ಲೇ ಗುಂಡಿಟ್ಟು ಕೊಂದರು. 1992ರ ಬಗ್ಗೆ ಅವನನ್ನು ಯಾವ ಕೋರ್ಟೂ ವಿಚಾರಣೆಗೆ ನಿಲ್ಲಿಸಲೇ ಇಲ್ಲ.