ಕೊರ್ಮಾಕಿಟಿಸ್: ಭಾನುವಾರ ತುಂಬುವ ಹಳ್ಳಿ

ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು ಎಂಬುದು ನಿಮಗೆ ಹೊಸ ಸಂಗತಿಯೇನಲ್ಲ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿಯೂ ಅಂಥ ಒಂದು ಹಳ್ಳಿಯಿದೆ. ಹೆಸರು ಕೊರ್ಮಾಕಿಟಿಸ್. ಇವತ್ತು ಅಲ್ಲಿಗೆ ಹೋಗಿ ಬರೋಣ.

ರಾಜಧಾನಿ ನಿಕೋಸಿಯಾದಿಂದ ಹೊರಡಬೇಕು. 1974ರಲ್ಲಿ ತುರ್ಕಿಯ ಸೇನೆ ಬಂದಿಳಿದ ಮೇಲೆ ಈ ದ್ವೀಪ ಎರಡು ಪಾಲಾಯಿತು. ದಕ್ಷಿಣದಲ್ಲಿ ಗ್ರೀಕ್ ಮಾತಿನವರು, ಉತ್ತರದಲ್ಲಿ ತುರ್ಕಿ ಮಾತಿನವರು, ನಡುವೆ ವಿಶ್ವಸಂಸ್ಥೆಯ ಕಾವಲು. ನಮ್ಮ ಹಳ್ಳಿ ಇರುವುದು ಉತ್ತರದಲ್ಲಿ. ಗೇಟಿನಲ್ಲಿ ಪಾಸ್‌ಪೋರ್ಟು ತೋರಿಸಬೇಕು. ಕಾರಿದ್ದರೆ ಆ ಕಡೆಗೆ ಬೇರೆ ವಿಮೆ ಮಾಡಿಸಬೇಕು. ಈಚೆಗೆ ಯೂರೋ, ಆಚೆಗೆ ಲಿರಾ. ಆಯುಷ್ಯವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವನಿಗೆ ಇಂಥ ವಿಷಯವೇ ಮೊದಲು ಹೊಳೆಯುತ್ತದೆ, ಏನು ಮಾಡಲಿ!

ವಾಯವ್ಯ ದಿಕ್ಕಿಗೆ ಸುಮಾರು ಒಂದು ತಾಸಿನ ದಾರಿ. ಆಲಿವ್ ಮರಗಳು, ಒಣ ಹೊಲಗಳು, ದೂರದಲ್ಲಿ ಸಮುದ್ರ. ಹಳ್ಳಿಯಲ್ಲಿ ಕಲ್ಲಿನ ಮನೆಗಳು, ಸಂತ ಜಾರ್ಜರ ದೊಡ್ಡ ಇಗರ್ಜಿ, ಮುದುಕರು ಕೂತ ಕಾಫಿ ಅಂಗಡಿ. ಕುರಿ ಮಾಂಸವನ್ನು ಬಾಯಿ ಮುಚ್ಚಿದ ಮಣ್ಣಿನ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸುವುದು ಇಲ್ಲಿಯ ಪದ್ಧತಿ. ಮಾಂಸ ತಿನ್ನದವರಿಗೆ ಆಡು ಕುರಿಗಳ ಹಾಲಿನ ಹಲ್ಲೂಮಿ ಗಿಣ್ಣು ಇದೆ.

ಇಲ್ಲಿಯವರು ಮಾರೋನೈಟ್ ಕ್ರೈಸ್ತರು. ಎಂಟನೆಯ ಶತಮಾನದಿಂದ ಮೊದಲುಗೊಂಡು ಲೆಬನಾನ್, ಸಿರಿಯಾ ಸೀಮೆಗಳಿಂದ ತಂಡತಂಡವಾಗಿ ಬಂದವರು. ಲೆಬನಾನಿನ ಕೂರ್ ಎಂಬ ಊರಿನಿಂದ ಹೊರಟವರು “ನಾವು ಬಂದೆವು, ಕೂರ್ ಬರಲಿಲ್ಲ” ಎಂದು ಹಲುಬಿದರಂತೆ, ಅದರಿಂದಲೇ ಹಳ್ಳಿಗೆ ಈ ಹೆಸರು ಬಂತಂತೆ. ಇದು ಐತಿಹ್ಯ. ಆದರೆ ಊರು ಬಿಟ್ಟವರ ಬಾಯಲ್ಲಿ ಹುಟ್ಟುವ ಮಾತೇ ಸರಿ.

ಇವರ ಮನೆಮಾತು ಒಂದು ಬಗೆಯ ಅರಬ್ಬಿ. ಅದನ್ನು ಅವರು ‘ಸನ್ನ’ ಎನ್ನುತ್ತಾರೆ, ಅಂದರೆ ನಮ್ಮ ನುಡಿ. ಮೂಲದ ನಾಡಿನಿಂದ ನೂರಾರು ವರ್ಷ ಬೇರೆಯಾಗಿ, ಗ್ರೀಕ್ ಶಬ್ದಗಳನ್ನು ಸೇರಿಸಿಕೊಂಡು, ಈಗ ಲೆಬನಾನಿನವರಿಗೂ ಸುಲಭವಾಗಿ ತಿಳಿಯದ ಹಾಗಾಗಿದೆ. ದ್ವೀಪದ ಉಳಿದ ಮಾರೋನೈಟ್ ಹಳ್ಳಿಗಳು ಗ್ರೀಕಿಗೆ ತಿರುಗಿದರೂ ಕೊರ್ಮಾಕಿಟಿಸ್ ಮಾತ್ರ ಇದನ್ನು ಬಿಡಲಿಲ್ಲ. ಬರೆಯುವುದು ಮಾತ್ರ ಗ್ರೀಕಿನಲ್ಲೇ, ಏಕೆಂದರೆ ಸನ್ನಕ್ಕೆ ಲಿಪಿಯಿರಲಿಲ್ಲ.

ಪ್ರವಾಸದ ಪುಸ್ತಕಗಳು ಇಂಥ ಊರುಗಳನ್ನು ‘ಪ್ರಶಾಂತ ಹಳ್ಳಿ’ ಎಂದು ಹೊಗಳುತ್ತವೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಈ ಶಾಂತಿ ಎಲ್ಲಿಂದ ಬಂತು ಎಂದು ಕೇಳಬೇಕು. 1974ರ ನಂತರ ಹೆಚ್ಚಿನವರು ದಕ್ಷಿಣಕ್ಕೆ ಹೋದರು. ಉಳಿದವರ ಮಕ್ಕಳೂ ಹೈಸ್ಕೂಲಿಗೆಂದು ಅತ್ತ ಹೋಗಬೇಕಾಯಿತು. ಹೋದವರು ಮರಳಿ ಬಂದು ನೆಲೆಸುವುದು ಸುಲಭವಿರಲಿಲ್ಲ. ಕೊನೆಗೆ ಹಳ್ಳಿಯಲ್ಲಿ ಉಳಿದವರು ನೂರರ ಆಸುಪಾಸು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ದಕ್ಷಿಣದಲ್ಲಿ ಮಕ್ಕಳ ಶಾಲೆ ಗ್ರೀಕ್, ಆಟದ ಜೊತೆಗಾರರು ಗ್ರೀಕ್, ಮುಂದೆ ಎಷ್ಟೋ ಜನರಿಗೆ ಗಂಡನೋ ಹೆಂಡತಿಯೋ ಗ್ರೀಕ್. ಅಜ್ಜಿ ಸನ್ನದಲ್ಲಿ ಕೇಳಿದರೆ ಮೊಮ್ಮಗು ಗ್ರೀಕಿನಲ್ಲಿ ಉತ್ತರ ಕೊಡುತ್ತದೆ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

2003ರ ಏಪ್ರಿಲಿನಲ್ಲಿ ಗಡಿ ಗೇಟುಗಳು ತೆರೆದವು. 2007ರಲ್ಲಿ ಭಾಷಾಶಾಸ್ತ್ರಜ್ಞ ಅಲೆಕ್ಸಾಂಡರ್ ಬೋರ್ಗ್ ಅವರು ಸನ್ನಕ್ಕೆ ಹೆಚ್ಚಾಗಿ ರೋಮನ್ ಅಕ್ಷರಗಳ ಲಿಪಿಯೊಂದನ್ನು ಸಿದ್ಧಪಡಿಸಿದರು. 2008ರಲ್ಲಿ ಸೈಪ್ರಸ್ ಸರಕಾರ, ಐರೋಪ್ಯ ಒಪ್ಪಂದವೊಂದರ ಅಡಿಯಲ್ಲಿ, ಇದನ್ನು ಅಲ್ಪಸಂಖ್ಯಾತ ಭಾಷೆಯೆಂದು ಒಪ್ಪಿತು. ತೀವ್ರ ಅಪಾಯದಲ್ಲಿರುವ ಭಾಷೆಗಳ ಪೈಕಿ ಯುನೆಸ್ಕೋ ಇದನ್ನು ಎಣಿಸಿದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹಳ್ಳಿಗೆ ಕರೆತಂದು ಸನ್ನ ಕಲಿಸುವ ಶಿಬಿರಗಳೂ ನಡೆದಿವೆ. ನಿವೃತ್ತರಾದ ಕೆಲವರು ಹಳೆಯ ಮನೆ ರಿಪೇರಿ ಮಾಡಿಸಿ ವಾಪಸು ಬಂದಿದ್ದಾರೆ.

ನೀವು ಎಂದಾದರೂ ಹೋಗುವುದಾದರೆ ಭಾನುವಾರವೇ ಹೋಗಿ. ದಕ್ಷಿಣದಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಇಗರ್ಜಿ ತುಂಬುತ್ತದೆ, ಆಮೇಲೆ ಕಾಫಿ ಅಂಗಡಿ, ಆಮೇಲೆ ಊಟದ ಮನೆಗಳು. ಹಿರಿಯರು ಕೂತ ಮೇಜಿನ ಹತ್ತಿರ ಕುರ್ಚಿ ಹಿಡಿದರೆ ಸನ್ನ ಕಿವಿಗೆ ಬಿದ್ದೀತು. ಸಂಜೆ ಕಾರುಗಳು ಗೇಟಿನ ಕಡೆ ತಿರುಗುತ್ತವೆ. ಮರುದಿನ ಮಕ್ಕಳಿಗೆ ಶಾಲೆಯಿದೆಯಲ್ಲ.