ಯುದ್ಧಚಿತ್ರದ ಹಿರಿಮೆ

ಕತಾರ್‌ಗಾಮಿನ ವಜ್ರದ ವ್ಯಾಪಾರಿ ಕಲ್ಲನ್ನು ಎಲ್ಲ ಮಗ್ಗುಲಿಗೂ ತಿರುಗಿಸಿ ನೋಡದೆ ಬೆಲೆ ಕಟ್ಟುವುದಿಲ್ಲ. ಯುದ್ಧಚಿತ್ರಗಳ ವಿಷಯದಲ್ಲಿ ಈ ಎಚ್ಚರ ವಿರಳ. ಗುಂಡಿನ ಆರ್ಭಟ, ಧ್ವಜ, ವೀರಗೀತೆಗಳಿದ್ದರೆ ಸಾಕು, ಚಿತ್ರ ಮಹತ್ತರವೆನಿಸಿಕೊಳ್ಳುತ್ತದೆ. ಎದುರಾಳಿಗೂ ಅದರಲ್ಲಿ ಮುಖವುಂಟೆ ಎಂದು ಕೇಳುವವರು ಕಡಿಮೆ. ಹಿರಿಮೆಯ ಕಠಿನ ಪರೀಕ್ಷೆ ಅದೇ ಎಂಬುದಕ್ಕೆ ಕೊಡಗಿನ ವೀರನೊಬ್ಬನ ವೃತ್ತಾಂತವೇ ಸಾಕ್ಷಿಯಾಗಿದೆ.

1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೊರಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಿಂದಿರುಗಲಿಲ್ಲ. ದಫ್ತರದಲ್ಲಿ ಅವರು ಕಾಣೆಯಾದವರು, ಅಷ್ಟೆ. ತಮ್ಮ ಮಿಸ್ಟೇರ್ ವಿಮಾನಕ್ಕೆ ಪೆಟ್ಟು ಬಿದ್ದಮೇಲೂ ಅವರು ತಿರುಗಿ ಎದುರಿಸಿ, ವೇಗದಲ್ಲಿ ಎಷ್ಟೋ ಮೇಲಾದ ಸ್ಟಾರ್‌ಫೈಟರನ್ನು ಕೆಡಹಿದರೆಂಬ ಸಂಗತಿ ಇಲ್ಲಿನವರಿಗೆ ತಿಳಿಯಲಿಲ್ಲ. ಅದು ಬೆಳಕಿಗೆ ಬಂದುದು ಪಾಕಿಸ್ತಾನದ ಕಡೆಯ ವಿವರಗಳಿಂದ, ಅವನ್ನು 1979ರಲ್ಲಿ ಗ್ರಂಥಸ್ಥಗೊಳಿಸಿದ ಜಾನ್ ಫ್ರಿಕರರಿಂದ. ಮರಣೋತ್ತರ ಮಹಾವೀರ ಚಕ್ರ ಸಂದುದು 1988ರಲ್ಲಿ. ಇಪ್ಪತ್ತಮೂರು ವರ್ಷ! ಶತ್ರುವಿನ ಮಾತಿಲ್ಲದಿದ್ದರೆ ನಮ್ಮ ವೀರನ ಕೀರ್ತಿಯೂ ಇಲ್ಲ.

ಇದನ್ನಾಧರಿಸಿ 2025ರಲ್ಲಿ ತೆರೆಕಂಡ ಹಿಂದೀ ಚಿತ್ರ 'ಸ್ಕೈ ಫೋರ್ಸ್' ಆಕಾಶದ ಕಾಳಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಸದ್ದು ಕೊಟ್ಟಿದೆ. ನಾಯಕನ ಹೆಸರನ್ನೂ ಬದಲಿಸಿದೆ. ಅಷ್ಟು ವರ್ಷ ಹೆಸರಿಗಾಗಿ ಕಾದವರಿಗೆ ಇದು ನ್ಯಾಯವೆನಿಸದು. ಆದರೆ ಕಾಣೆಯಾದ ಗೆಳೆಯನಿಗಾಗಿ ನಡೆಯುವ ಹುಡುಕಾಟದಲ್ಲಿ ಚಿತ್ರಕ್ಕೆ ಜೀವ ಬರುತ್ತದೆ.

ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990) ಕೊಡಗಿನ ಸೈನಿಕನ ಸಂಸಾರವನ್ನೇ ನಡುವಿಗೆ ತಂದಿತು. ಯುದ್ಧದ ಲೆಕ್ಕ ಮನೆಯೊಳಗೂ ಉಂಟೆಂದು ತೋರಿಸಿದುದು ಅದರ ಬಲ. ಕ್ಲಿಂಟ್ ಈಸ್ಟ್‌ವುಡ್ ಇನ್ನೂ ಮುಂದೆ ಹೋದರು. ಐವೊ ಜಿಮಾ ದ್ವೀಪದ ಒಂದೇ ಯುದ್ಧವನ್ನು ಕುರಿತು 2006ರಲ್ಲಿ ಎರಡು ಚಿತ್ರ ತೆಗೆದು, ಒಂದನ್ನು ಜಪಾನೀಯರ ಕಡೆಯಿಂದ, ಬಹುಮಟ್ಟಿಗೆ ಅವರದೇ ಭಾಷೆಯಲ್ಲಿ ಹೇಳಿದರು. ಅಮೆರಿಕನ್ನನಾಗಿಯೂ ಆ ಸೈನಿಕರ ಸಾವಿಗೆ ಮರುಗುವಂತೆ ಮಾಡಿದುದು ಸಾಮಾನ್ಯ ಸಾಧನೆಯಲ್ಲ.

ಅಂಥ ಚಿತ್ರಕ್ಕೆ ವಸ್ತು ಗುಜರಾತಿನಲ್ಲಿಯೂ ಇದೆ. ದೇವಯ್ಯನವರು ಮಡಿದ ಹನ್ನೆರಡು ದಿನಗಳ ತರುವಾಯ, 1965ರ ಸೆಪ್ಟೆಂಬರ್ 19ರಂದು, ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಅವರಿದ್ದ ನಾಗರಿಕ ವಿಮಾನವನ್ನು ಪಾಕಿಸ್ತಾನದ ಕೈಸ್ ಹುಸೇನ್ ಕಛ್‌ನಲ್ಲಿ ಹೊಡೆದುರುಳಿಸಿದರು. ಒಳಗಿದ್ದವರೊಬ್ಬರೂ ಉಳಿಯಲಿಲ್ಲ. 2011ರಲ್ಲಿ, ವೃದ್ಧಾಪ್ಯದಲ್ಲಿ, ಅದೇ ಹುಸೇನರು ಆ ವಿಮಾನದ ಚಾಲಕ ಜಹಾಂಗೀರ್ ಇಂಜಿನಿಯರರ ಮಗಳಿಗೆ ಸಂತಾಪದ ಪತ್ರ ಬರೆದರು. ಮಗಳು ಉತ್ತರ ಬರೆದರು.